ಬಿಳಿ ಹರಳು

ಈಗ ಅಂಗಡಿಯಲ್ಲಿ ಸಿಗುವ ಅಕ್ಕಿಯಲ್ಲಿ ಹರಳೇ ಇರುವುದಿಲ್ಲ. ಗಿರಣಿಯಲ್ಲಿ ಕಲ್ಲು ತೆಗೆಯಲು ಒಂದು ಯಂತ್ರ, ಬಣ್ಣ ಕೆಟ್ಟ ಕಾಳನ್ನು ಕಣ್ಣಿಟ್ಟು ನೋಡಿ ಹಾರಿಸಿಬಿಡಲು ಇನ್ನೊಂದು ಯಂತ್ರ. ಚೀಲ ಬಿಚ್ಚಿದರೆ ಮಲ್ಲಿಗೆ ಮೊಗ್ಗಿನಂಥ ಕಾಳು. ನನ್ನ ಸೊಸೆ ಅಳೆದು, ತೊಳೆದು, ಕುಕ್ಕರಿಗೆ ಹಾಕಿ ಮೂರು ಸೀಟಿ ಹೊಡೆಸಿ ಆಫೀಸಿಗೆ ಹೊರಟುಬಿಡುತ್ತಾಳೆ. ನಾನು ಮಾತ್ರ ಇನ್ನೂ ಮೊರದಲ್ಲಿ ಹರವಿಕೊಂಡು ಕೂಡುತ್ತೇನೆ. 'ಅದರಾಗ ಏನೂ ಇರೂದಿಲ್ಲ, ಸುಮ್ಮನ ಕಣ್ಣು ಯಾಕ ನೋಯಿಸ್ಕೋತೀರಿ?' ಎಂದು ಆಕೆ ಕೇಳುತ್ತಾಳೆ. ರೂಢಿ ಬಿಡುವುದಿಲ್ಲ, ಅಷ್ಟೆ. ಆದರೆ ಈ ರೂಢಿಯ ಹಿಂದೆ ಒಂದು ಕಥೆಯಿದೆ. ಅದು ನನಗೆ ಹೆಮ್ಮೆ ತರುವ ಕಥೆಯಲ್ಲ. ಆದರೂ ಹೇಳಿಬಿಡುತ್ತೇನೆ.

ನಾನು ಬೆಳೆದದ್ದು ಬೆಟಗೇರಿಯಲ್ಲಿ, ಅಜ್ಜಿಯ ಮನೆಯಲ್ಲಿ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದು, ಆಮೇಲೆ ಘಟ್ಟ ಹತ್ತಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲಿ ಸಭೆ ಕಟ್ಟಿದವರು. ಆ ಸಭೆಯ ಹಳೆಯ ಮನೆತನಗಳಲ್ಲಿ ನಮ್ಮದೂ ಒಂದು. ಅಜ್ಜಿಗೆ ಓದು ಬರುತ್ತಿದ್ದುದು ಅಷ್ಟಕ್ಕಷ್ಟೆ, ಆದರೆ ಸತ್ಯವೇದ ಬಾಯಲ್ಲಿತ್ತು. ಅರವತ್ತರ ದಶಕದ ರೇಶನ್ ಅಕ್ಕಿಯನ್ನು ಕಂಡವರಿಗೆ ಹೊಸದಾಗಿ ಹೇಳಬೇಕಿಲ್ಲ, ಸೇರು ಅಕ್ಕಿಗೆ ಹಿಡಿ ಹರಳು. ಶನಿವಾರ ಮಧ್ಯಾಹ್ನ ಅಜ್ಜಿಯ ಪಕ್ಕ ಕುಳಿತು ವಾರದ ಅಕ್ಕಿ, ಜೋಳ ಹಸನು ಮಾಡುವುದು ನನ್ನ ಕೆಲಸ. ನಾನು ಪಟಪಟನೆ ಕಪ್ಪು ಹರಳುಗಳನ್ನೆಲ್ಲ ಆರಿಸಿ ಒಗೆದು, 'ಮುಗೀತಬೇ!' ಎಂದು ಎದ್ದು ನಿಲ್ಲುತ್ತಿದ್ದೆ. ಅಜ್ಜಿ ಮೊರವನ್ನು ತನ್ನ ಕಡೆ ಎಳೆದುಕೊಂಡು, ಕಾಳಿನ ಮೇಲೆ ಬೆರಳಾಡಿಸಿ, ಅಕ್ಕಿಯಷ್ಟೇ ಬೆಳ್ಳಗಿದ್ದ ಐದಾರು ಹರಳನ್ನು ಹೊರಗೆ ತೆಗೆದು ನನ್ನ ಅಂಗೈಗೆ ಹಾಕುತ್ತಿದ್ದಳು.

'ಕರೀ ಹರಳ ಹುಡುಕೂದ್ರಾಗ ಏನ್ ಶ್ಯಾಣೇತನ ಐತಿ? ಹಲ್ಲು ಮುರಿಯೂದು ಬಿಳೀ ಹರಳ. ಕಣ್ಣಿಗೆ ಮೋಸ ಆಗತೈತಿ, ಬೆರಳಿಗೆ ಕೇಳು.'

ಆಗ ಅದು ಅಕ್ಕಿಯ ಮಾತು ಎಂದಷ್ಟೇ ತಿಳಿದಿದ್ದೆ.

ನಮ್ಮ ಕಾಲದ ಕ್ರೈಸ್ತ ಮನೆಗಳಲ್ಲಿ ಕಪ್ಪು ಹರಳುಗಳ ಪಟ್ಟಿ ತಯಾರಾಗಿಯೇ ಇರುತ್ತಿತ್ತು. ಸಾರಾಯಿ, ಇಸ್ಪೀಟು, ಸಿನೆಮಾ, ಭಾನುವಾರ ಆರಾಧನೆ ತಪ್ಪಿಸುವುದು, ಮೈ ಕಾಣುವ ನೈಲಾನ್ ಸೀರೆ. ಇವುಗಳಿಂದ ದೂರವಿದ್ದರೆ ಒಳ್ಳೆಯ ಕ್ರೈಸ್ತಳು. ನಾನು ಎಲ್ಲದರಿಂದಲೂ ದೂರವಿದ್ದೆ. ಮದುವೆಯಾಗಿ ಇನ್ನೊಂದು ಊರಿಗೆ ಬಂದೆ, ಶಾಲೆಯಲ್ಲಿ ಮಾಸ್ತರಿಕೆ ಸಿಕ್ಕಿತು, ಸಭೆಯ ಮಹಿಳಾ ಸಂಘದಲ್ಲಿ ಖಜಾಂಚಿಯೂ ಆದೆ. ಊರಿಗೆಲ್ಲ ನಾನು 'ಅಕ್ಕೋರು'. ನನ್ನ ಜಮಾಖರ್ಚಿನ ಪುಸ್ತಕದಲ್ಲಿ ಒಂದು ಪೈಸೆಯ ತಪ್ಪಿರುತ್ತಿರಲಿಲ್ಲ. ಮನಸ್ಸಿನ ಜಮಾಖರ್ಚೂ ಹಾಗೆಯೇ ಚೊಕ್ಕವಾಗಿದೆ ಎಂದು ನಂಬಿಕೊಂಡಿದ್ದೆ.

ನಮ್ಮ ಸಂಘದಲ್ಲಿ ಹಿಡಿ ಅಕ್ಕಿಯ ಪದ್ಧತಿಯಿತ್ತು. ಪ್ರತಿ ಹೊತ್ತು ಅಡುಗೆಗೆ ಅಕ್ಕಿ ತೆಗೆಯುವಾಗ ಒಂದು ಹಿಡಿ ಬೇರೆ ಡಬ್ಬಿಗೆ ಹಾಕುವುದು, ತಿಂಗಳಿಗೊಮ್ಮೆ ಎಲ್ಲರದ್ದನ್ನೂ ಕೂಡಿಸಿ ಮಾರುವುದು, ಬಂದ ಹಣದಲ್ಲಿ ಕ್ರಿಸ್ಮಸ್ಸಿಗೆ ವಿಧವೆಯರಿಗೆ ಸೀರೆ ತರುವುದು. ಅಕ್ಕಿ ಮಾರಿ ಹಣ ತರುವ ಕೆಲಸ ನಮ್ಮಲ್ಲೊಬ್ಬ ತಂಗಿಯದು. ಆಕೆಯ ಗಂಡನಿಗೆ ಕೂಲಿ ಕೆಲಸ, ಮನೆಯಲ್ಲಿ ಮೂರು ಮಕ್ಕಳು. ಕಂಠ ಮಾತ್ರ ದೇವರು ಕೊಟ್ಟದ್ದು. 1988ರ ನವೆಂಬರಿನಲ್ಲಿ ನಾನು ಲೆಕ್ಕ ಕೂಡಿಸಿದಾಗ 340 ರೂಪಾಯಿ ಕಡಿಮೆ ಬಂತು. ಮೂರು ಸಲ ಕೂಡಿಸಿದೆ. ಕಡಿಮೆಯೇ. ಆ ಕಾಲಕ್ಕೆ 340 ರೂಪಾಯಿ ಎಂದರೆ ಸಣ್ಣ ಮೊತ್ತವಲ್ಲ.

ಇಲ್ಲಿ ಒಂದು ಮಾತು ಬಿಟ್ಟರೆ ಕಥೆ ಸುಳ್ಳಾಗುತ್ತದೆ. ಎಂಟು ವರ್ಷ ಮಕ್ಕಳ ಕ್ರಿಸ್ಮಸ್ ನಾಟಕ ಮಾಡಿಸುತ್ತಿದ್ದವಳು ನಾನು. ಆ ವರ್ಷ ಸಭಾಪಾಲಕರು, 'ಈ ಸಲ ಹಾಡು, ನಾಟಕ ಎರಡನ್ನೂ ಆ ತಂಗಿಗೇ ಬಿಡೋಣ, ನಿಮಗೂ ವಿಶ್ರಾಂತಿ' ಎಂದಿದ್ದರು. ನಾನು ನಕ್ಕು, 'ಆಗಲಿ ಅಯ್ಯನವರೇ' ಎಂದಿದ್ದೆ. ಮನೆಗೆ ಬಂದು ಪಾತ್ರೆ ಕುಕ್ಕಿದ್ದೆ.

ಮುಂದಿನ ಸಂಘದ ಕೂಟದಲ್ಲಿ, ಪ್ರಾರ್ಥನೆಗೆ ಮೊದಲು, 'ಯಾರದಾದರೂ ಪ್ರಾರ್ಥನೆಯ ವಿಷಯ ಇದೆಯೇ?' ಎಂದು ಕೇಳುವುದು ರೂಢಿ. ನಾನು ಎದ್ದು ನಿಂತೆ. 'ನಮ್ಮ ಸಹೋದರಿಯೊಬ್ಬಳು ಶೋಧನೆಗೆ ಸಿಕ್ಕಿದ್ದಾಳೆ. ಹಿಡಿ ಅಕ್ಕಿಯ ಹಣದಲ್ಲಿ 340 ರೂಪಾಯಿ ಕಾಣುತ್ತಿಲ್ಲ. ಹೆಸರು ಹೇಳುವುದಿಲ್ಲ. ದೇವರು ಆಕೆಗೆ ಪಶ್ಚಾತ್ತಾಪ ಕೊಡುವಂತೆ ಬೇಡಿಕೊಳ್ಳೋಣ' ಎಂದೆ. ಹೆಸರು ಹೇಳುವ ಅಗತ್ಯವಾದರೂ ಎಲ್ಲಿತ್ತು? ಅಕ್ಕಿ ಮಾರುವವಳು ಒಬ್ಬಳೇ. ಇಪ್ಪತ್ತು ತಲೆಗಳು ಒಂದೇ ಕಡೆ ತಿರುಗಿದವು. ಆಕೆ ತಲೆ ತಗ್ಗಿಸಿ, ಪ್ರಾರ್ಥನೆ ಮುಗಿಯುವ ತನಕ ಕುಳಿತಿದ್ದು, ಆಮೆನ್ ಹೇಳಿ, ಎದ್ದು ಹೋದಳು. ಮತ್ತೆ ಸಂಘಕ್ಕೆ ಬರಲಿಲ್ಲ. ನಾಟಕವನ್ನು ಆ ವರ್ಷವೂ ನಾನೇ ಮಾಡಿಸಿದೆ.

ಆ ರಾತ್ರಿ ನನಗೆ ಎಂಥ ಸಮಾಧಾನವಾಗಿತ್ತು ಗೊತ್ತೇ? ಸತ್ಯ ಹೇಳಿದ ಸಮಾಧಾನ, ಸಭೆಯ ಹಣ ಕಾಯ್ದ ಸಮಾಧಾನ. ಅದು ಎರಡು ದಿನವೂ ನಿಲ್ಲಲಿಲ್ಲ. ಕರಿದ ತಿಂಡಿ ತಿಂದ ಮೇಲೆ ಎದೆ ಉರಿಯುವಂತೆ ಏನೋ ಉರಿಯತೊಡಗಿತು. ಜನವರಿಯಲ್ಲಿ ಆಕೆ ಮಗನ ಕೈಯಲ್ಲಿ ಒಂದು ಲಕೋಟೆ ಕಳಿಸಿದಳು. ಒಳಗೆ ಸರಿಯಾಗಿ 340 ರೂಪಾಯಿ, ಚಿಲ್ಲರೆ ನೋಟುಗಳು. ಆ ಹುಡುಗನ ಮುಖ ನೋಡಿದೆ, ಕೆನ್ನೆ ಒಳಗೆ ಹೋಗಿದ್ದವು. ಅಕ್ಟೋಬರಿನಲ್ಲಿ ಅವನಿಗೇ ವಿಷಮಜ್ವರ ಬಂದಿತ್ತೆಂದು, ದವಾಖಾನೆಗೆ ಹಣ ಕಟ್ಟಬೇಕಾಗಿತ್ತೆಂದು ಆಗ ತಿಳಿಯಿತು.

ಸಂಜೆ ಆಕೆಯ ಮನೆಗೆ ಹೋದೆ. ಬಾಗಿಲಲ್ಲೇ ನಿಂತು, 'ನನಗ ಗೊತ್ತಿರಲಿಲ್ಲ ತಂಗಿ' ಎಂದೆ. ಆಕೆ ಜಗಳವಾಡಲಿಲ್ಲ, ಅಳಲೂ ಇಲ್ಲ.

'ನಾ ಮಾಡಿದ್ದು ತಪ್ಪು ಅಕ್ಕೋರ. ದೇವರ ಹಣ, ಹೇಳದ ತಗೋಬಾರದಿತ್ತು. ನೀವೇನು ಸುಳ್ಳ ಹೇಳಲಿಲ್ಲ, ಖರೇನ ಹೇಳಿದ್ರಿ. ಆದ್ರ ಎಲ್ಲಾರಿಗೂ ಹೇಳಿದ್ರಿ, ನನಗ ಹೇಳಲಿಲ್ಲ.'

ಅಷ್ಟು ಹೇಳಿ ಒಳಗಿನಿಂದ ಮಣೆ ತಂದು ಹಾಕಿದಳು. ನನಗೆ ಕೂಡಲಾಗಲಿಲ್ಲ.

ಮನೆಗೆ ಬಂದು ಮತ್ತಾಯನ ಸುವಾರ್ತೆಯ 18ನೆಯ ಅಧ್ಯಾಯ ತೆರೆದೆ. ಸಂಡೇ ಸ್ಕೂಲಿನಲ್ಲಿ ನಾನೇ ನೂರು ಸಲ ಕಲಿಸಿದ ಪಾಠ. ಸಹೋದರ ತಪ್ಪು ಮಾಡಿದರೆ ಮೊದಲು ಹೋಗಿ ಅವನೊಬ್ಬನೇ ಇರುವಾಗ ತಿಳಿಸಬೇಕು, ಕೇಳದಿದ್ದರೆ ಇನ್ನೊಬ್ಬಿಬ್ಬರನ್ನು ಕರೆದೊಯ್ಯಬೇಕು, ಸಭೆಗೆ ಹೇಳುವುದು ಅದಕ್ಕೂ ಆಮೇಲೆ. ನಾನು ಆಮೇಲಿನದನ್ನು ಮೊದಲು ಮಾಡಿದ್ದೆ, ಅದಕ್ಕೆ ಪ್ರಾರ್ಥನೆಯ ಹೆಸರು ಕೊಟ್ಟಿದ್ದೆ. ಆಕೆಯ ತಪ್ಪು ಕಪ್ಪು ಹರಳು, ದೂರದಿಂದಲೇ ಕಾಣುತ್ತಿತ್ತು. ನನ್ನದು ಬಿಳಿ ಹರಳು. ಹೊಟ್ಟೆಕಿಚ್ಚು ಪ್ರಾರ್ಥನೆಯ ಬಣ್ಣದಲ್ಲಿತ್ತು. ನನ್ನ ಮಾತಿನಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಹಾಗಿದ್ದೂ ಅದು ಕೆಟ್ಟ ಮಾತಾಗಿತ್ತು.

ನೀವೂ ಇಂಥ ಕೂಟಗಳಲ್ಲಿ ಕುಳಿತವರೇ ಆಗಿದ್ದರೆ, ಅದು ಚರ್ಚಿನದಾಗಿರಲಿ, ಭಜನಾ ಮಂಡಳಿಯದಾಗಿರಲಿ, ನನ್ನ ಮಾತು ನಿಮಗೆ ಅರ್ಥವಾದೀತು. 'ಪಾಪ, ಆಕೆಯ ಒಳ್ಳೇದಕ್ಕೇ ಹೇಳುತ್ತೇನೆ' ಎಂದು ಶುರುವಾಗುವ ಮಾತುಗಳಲ್ಲಿ ಎಷ್ಟು ಆಕೆಯ ಒಳ್ಳೆಯದಕ್ಕೆ, ಎಷ್ಟು ನಮ್ಮ ನಾಲಿಗೆಯ ಚಪಲಕ್ಕೆ?

ಇದಾದ ಮೇಲೆ ನಾನು ಬಹಳ ಎಚ್ಚರದವಳಾದೆ. ಯಾರ ವಿಷಯಕ್ಕೂ ಹೋಗಬಾರದು, ಯಾರ ಮನೆಯ ಮಾತನ್ನೂ ಹೊರಗೆ ಹಾಕಬಾರದು, ಎಲ್ಲವನ್ನೂ ತಾಳ್ಮೆಯಿಂದ ಮುಚ್ಚಬೇಕು. ಪಾಠ ಕಲಿತೆನೆಂದುಕೊಂಡೆ. ಆದರೆ ಇನ್ನೊಂದು ಬಿಳಿ ಹರಳು ನನಗಾಗಿ ಕಾದಿತ್ತು.

1994ರ ಮಾರ್ಚ್. ನಮ್ಮ ಓಣಿಗೆ ಮದುವೆಯಾಗಿ ಬಂದಿದ್ದ ಇಪ್ಪತ್ತೆರಡರ ಹುಡುಗಿ, ಬಗಲಲ್ಲಿ ಏಳು ತಿಂಗಳ ಕೂಸು. ಗಂಡನಿಗೆ ಒಳ್ಳೆಯ ನೌಕರಿ, ಆರಾಧನೆಯಲ್ಲಿ ಗಾಯನವೃಂದದ ಮುಂದಿನ ಸಾಲಿನಲ್ಲಿ ನಿಲ್ಲುವವನು. ಒಂದು ಸಂಜೆ ಆಕೆ ನಮ್ಮ ಮನೆಗೆ ಬಂದು, ಮಾತಿಲ್ಲದೆ, ಭುಜದ ಮೇಲಿನ ಸೆರಗು ಸರಿಸಿ ತೋರಿಸಿದಳು. ನೀಲಿಗಟ್ಟಿತ್ತು. ನಾನು ಚಹಾ ಮಾಡಿಕೊಟ್ಟೆ. ಕೈ ಹಿಡಿದು ಪ್ರಾರ್ಥಿಸಿದೆ. 'ತಾಳ್ಕೋ ತಂಗಿ. ಒಬ್ಬೊಬ್ಬರಿಗೆ ಒಂದೊಂದು ಶಿಲುಬಿ ಇರತೈತಿ. ನಿನ್ನ ತಾಳ್ಮಿ ನೋಡಿ ಅವನ ಮನಸ ಕರಗತೈತಿ' ಎಂದು ಹೇಳಿ ಕಳಿಸಿದೆ. ಎಷ್ಟು ಮೃದುವಾಗಿ ಮಾತಾಡಿದೆನೆಂದು ನನಗೇ ಮೆಚ್ಚುಗೆಯಾಯಿತು. ಯಾರಿಗೂ ಹೇಳಲಿಲ್ಲ. ಹಳೆಯ ತಪ್ಪು ಮತ್ತೆ ಮಾಡಬಾರದಲ್ಲ!

ಮೂರು ವಾರದ ನಂತರ, ನಡುರಾತ್ರಿ, ಎಡಗೈ ಮುರಿದುಕೊಂಡು, ಬಲಗೈಯಲ್ಲಿ ಕೂಸನ್ನು ಅವುಚಿಕೊಂಡು ಆಕೆ ಮನೆ ಬಿಟ್ಟು ಓಡಿದಳು. ಆ ದಾರಿಯಲ್ಲಿ ಮೊದಲು ಸಿಗುವುದು ನಮ್ಮ ಮನೆ. ಆಕೆ ನಮ್ಮ ಬಾಗಿಲು ಬಡಿಯಲಿಲ್ಲ. ದಾಟಿಕೊಂಡು ಹೋಗಿ ಇನ್ನೂ ನಾಲ್ಕು ಓಣಿಯಾಚೆಯ ಒಂದು ಬಾಗಿಲು ಬಡಿದಳು. ಅದು ಯಾರ ಬಾಗಿಲೆಂದು ನೀವು ಊಹಿಸಿರಬಹುದು. 340 ರೂಪಾಯಿ ತೆಗೆದುಕೊಂಡವಳ ಬಾಗಿಲು.

ಬೆಳಿಗ್ಗೆ ಸುದ್ದಿ ಕೇಳಿ ನಾನು ಓಡಿದಾಗ, ಆ ಎರಡು ಕೋಣೆಯ ಮನೆಯಲ್ಲಿ ಸಭೆಯ ಹಿರಿಯರಿಬ್ಬರು ಆಗಲೇ ಬಂದು ಕುಳಿತಿದ್ದರು. ಹುಡುಗಿಯನ್ನು ಗಂಡನ ಮನೆಗೆ ತಿರುಗಿ ಕಳಿಸಬೇಕೆಂಬ ಮಾತು ನಡೆದಿತ್ತು. ಒಬ್ಬರು ಎಫೆಸದವರಿಗೆ ಬರೆದ ಪತ್ರಿಕೆಯಿಂದ ಹೆಂಡತಿ ಗಂಡನಿಗೆ ಅಧೀನಳಾಗಿರಬೇಕೆಂಬ ಮಾತು ತೆಗೆದರು. ಅದೇ ಅಧ್ಯಾಯದಲ್ಲಿ ಮುಂದಕ್ಕೆ, ಗಂಡನು ಕ್ರಿಸ್ತನು ಸಭೆಗಾಗಿ ತನ್ನನ್ನೇ ಒಪ್ಪಿಸಿಕೊಟ್ಟ ಹಾಗೆ ಹೆಂಡತಿಯನ್ನು ಪ್ರೀತಿಸಬೇಕೆಂದಿದೆ. ಅದನ್ನು ಅವರು ತೆಗೆಯಲಿಲ್ಲ. ಬಾಯಿ ಬಿಡದೆ ಕುಳಿತಿದ್ದ ನಾನೂ ತೆಗೆಯಲಿಲ್ಲ. ಆಕೆ ಒಲೆಯ ಮುಂದಿನಿಂದ ಎದ್ದು ಬಂದಳು. ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಹೇಳಿದಳು:

'ಹಿರೇರ, ನಾ ಓದಿದಾಕಿ ಅಲ್ಲ. ಹೆರೋದ ಅರಸ ಕೂಸಿನ ಜೀವಕ್ಕ ಬಂದಾಗ ಯೋಸೇಫ ಏನ್ ಮಾಡಿದಾ? ತಾಯಿ ಕೂಸನ್ನ ಕರಕೊಂಡು ರಾತ್ರೋರಾತ್ರಿ ಐಗುಪ್ತಕ್ಕ ಓಡಿ ಹೋದ. ಅಲ್ಲೇ ತಾಳ್ಕೊಂಡು ಕೂಡ್ರಿ ಅಂತ ದೇವದೂತ ಹೇಳಲಿಲ್ಲ. ಈ ಹುಡುಗೀನೂ ಹಂಗ ಬಂದಾಳ. ಕೈ ಕೂಡೂ ತನಕ ಇಲ್ಲೇ ಇರತಾಳ.'

ಹಿರಿಯರು ಎದ್ದು ಹೋದರು. ನಾನು ಕುಳಿತೇ ಇದ್ದೆ. ಆ ದಿನ ಮಣೆ ಕೇಳದೆ ನೆಲದ ಮೇಲೆಯೇ ಕುಳಿತೆ.

ಮುಂದಿನದನ್ನು ಚಿಕ್ಕದಾಗಿ ಹೇಳುತ್ತೇನೆ. ಹುಡುಗಿ ತವರಿಗೆ ಹೋದಳು, ಹೊಲಿಗೆ ಕಲಿತು ತನ್ನ ಕಾಲ ಮೇಲೆ ನಿಂತಳು. ಬಿಡುಗಡೆ ಪಡೆಯುವುದು ಮಾತ್ರ ಆಗ ಸುಲಭವಿರಲಿಲ್ಲ. ನಮ್ಮ ಕ್ರೈಸ್ತರಿಗಿದ್ದದ್ದು 1869ರ ವಿಚ್ಛೇದನ ಕಾಯ್ದೆ. ಅದರಂತೆ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದನ್ನು ತೋರಿಸಿದರೆ ಸಾಕಿತ್ತು. ಹೆಂಡತಿಗೆ ಗಂಡನ ಹೊಡೆತವೊಂದೇ ಸಾಲುತ್ತಿರಲಿಲ್ಲ, ಅದರ ಜೊತೆಗೆ ಅವನ ವ್ಯಭಿಚಾರವನ್ನೂ ತೋರಿಸಬೇಕಿತ್ತು. 2001ರಲ್ಲಿ ಆ ಕಾಯ್ದೆ ತಿದ್ದುಪಡಿಯಾಗಿ, ಕ್ರೌರ್ಯವೊಂದೇ ಸಾಕಾದ ಕಾರಣವೆಂದಾಯಿತು. ಮನೆಯೊಳಗಿನ ಹಿಂಸೆಯಿಂದ ಮಹಿಳೆಯರನ್ನು ರಕ್ಷಿಸುವ 2005ರ ಕಾಯ್ದೆ 2006ರ ಅಕ್ಟೋಬರಿನಿಂದ ಜಾರಿಗೆ ಬಂತು. ಹುಡುಗಿಗೆ ಬಿಡುಗಡೆ ಸಿಕ್ಕಿದ್ದು 2003ರಲ್ಲಿ. ಕಾಯ್ದೆ ಬರೆದವರೂ, ಅದನ್ನು ಅಷ್ಟು ವರ್ಷ ಒಪ್ಪಿಕೊಂಡು ಬಂದ ನಾವೂ ಮದುವೆಯ ಪಾವಿತ್ರ್ಯ ಕಾಯುತ್ತಿದ್ದೇವೆಂದೇ ತಿಳಿದಿದ್ದೆವು. ಅದೂ ಅಕ್ಕಿಯಷ್ಟೇ ಬೆಳ್ಳಗೆ ಕಾಣುತ್ತಿತ್ತು.

ಆ ವರ್ಷಗಳಲ್ಲಿ ನಾನು ಸತ್ಯವೇದವನ್ನು ಬೇರೆ ರೀತಿಯಲ್ಲಿ ಓದತೊಡಗಿದೆ. ಒಳ್ಳೆಯದು ಕೆಟ್ಟದ್ದು ಯಾವುದೆಂಬ ಪಟ್ಟಿಗಾಗಿ ಅಲ್ಲ, ಅದನ್ನು ಗುರುತಿಸುವುದು ಹೇಗೆಂದು. ಗಿಬ್ಯೋನಿನಲ್ಲಿ ದೇವರು ಕನಸಿನಲ್ಲಿ ಬಂದು ಏನು ಬೇಕೆಂದು ಕೇಳಿದಾಗ ಯುವಕ ಸೊಲೊಮೋನ ಬೇಡಿದ್ದು ಒಳ್ಳೆಯದು ಕೆಟ್ಟದ್ದನ್ನು ತಿಳಿಯುವ ವಿವೇಕ. ಮೂಲದ ಹೀಬ್ರೂ ಮಾತಿಗೆ 'ಕೇಳಿಸಿಕೊಳ್ಳುವ ಹೃದಯ' ಎಂಬ ಅರ್ಥವಿದೆಯೆಂದು ಸಭಾಪಾಲಕರೊಬ್ಬರು ಹೇಳಿದ್ದರು. ಅದರ ಬೆನ್ನಿಗೇ ಬರುವುದು ಒಂದು ಕೂಸಿಗಾಗಿ ಜಗಳವಾಡಿದ ಇಬ್ಬರು ಹೆಂಗಸರ ಕಥೆ. ಇಬ್ಬರ ಬಾಯಲ್ಲೂ ಒಂದೇ ಮಾತು, 'ಕೂಸು ನನ್ನದು'. ಅರಸ ಮಾತನ್ನು ತೂಗಲಿಲ್ಲ. ಕೂಸು ಬದುಕಲೆಂದು ತಾನು ಕಳೆದುಕೊಳ್ಳಲು ಯಾರು ಸಿದ್ಧರಿದ್ದಾರೆಂದು ನೋಡಿದ. ನಾನು ಆ ಹುಡುಗಿಗೆ ತಾಳ್ಮೆಯ ಉಪದೇಶ ಕೊಟ್ಟಾಗ ನನಗೆ ಹೋದದ್ದು ಒಂದು ಬಟ್ಟಲು ಚಹಾ. ಬಾಗಿಲು ತೆರೆದವಳಿಗೆ ಹೋದದ್ದು ಇದ್ದ ಒಂದು ಹಾಸಿಗೆ, ಹಿರಿಯರ ಮರ್ಯಾದೆ, ಓಣಿಯವರ ಮಾತು. ಶಿಲುಬೆಯ ಮಾತಾಡಿದವಳು ನಾನು, ಹೊತ್ತವಳು ಆಕೆ.

ಯೇಸುವನ್ನು ಶೋಧಿಸುವಾಗ ಸೈತಾನನೂ ಕೀರ್ತನೆಯ ಮಾತನ್ನೇ ಎತ್ತಿ ಆಡಿದ. ಬಾಯಲ್ಲಿ ವಾಕ್ಯವಿದ್ದ ಮಾತ್ರಕ್ಕೆ ಆಡಿದ್ದು ದೇವರದಾಗುವುದಿಲ್ಲ ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಗೋದಿ ಮತ್ತು ಹಣಜಿಯ ಸಾಮ್ಯ ನಿಮಗೆ ಗೊತ್ತಿರಬಹುದು. ಹಣಜಿ ತೆನೆ ಬಿಡುವ ತನಕ ಗೋದಿಯ ಹಾಗೆಯೇ ಕಾಣುವ ಕಳೆ. ಆಳುಗಳು ಕೀಳಲು ಹೊರಟಾಗ ಯಜಮಾನ ಸುಗ್ಗಿಯ ತನಕ ಬಿಡಿ ಎನ್ನುತ್ತಾನೆ. ಹಾಗಾದರೆ ಕೆಟ್ಟದ್ದನ್ನು ಕಂಡೂ ಸುಮ್ಮನಿರಬೇಕೇ ಎಂದು ನಾನು ಬಹಳ ದಿನ ತೊಳಲಿದೆ. ಈಗ ಅನಿಸುವುದು ಇಷ್ಟು: ಮನುಷ್ಯರನ್ನು ಇವರು ಹಣಜಿ, ಇವರು ಗೋದಿ ಎಂದು ಕಿತ್ತೆಸೆಯುವ ಅಧಿಕಾರ ನನಗಿಲ್ಲ. 1988ರಲ್ಲಿ ನಾನು ಮಾಡಿದ್ದು ಅದನ್ನೇ, ಕಿತ್ತದ್ದು ಗೋದಿಯನ್ನು. ಆದರೆ ಎತ್ತಿದ ಕೈಯನ್ನು ತಡೆಯುವುದು, ಓಡಿ ಬಂದವಳಿಗೆ ಬಾಗಿಲು ತೆರೆಯುವುದು ಸುಗ್ಗಿಗೆ ಕಾಯುವ ಕೆಲಸವಲ್ಲ.

ಒಮ್ಮೆ ನೆರೆಮನೆಯ ಕೆಥೋಲಿಕ್ ಗೆಳತಿ ಸಂತ ಇಗ್ನೇಷಿಯಸ್ಸನ ಕಥೆ ಹೇಳಿದಳು. ಸ್ಪೇನಿನ ಆ ಯೋಧನಿಗೆ 1521ರಲ್ಲಿ ಪಾಂಪ್ಲೋನಾದ ಕಾಳಗದಲ್ಲಿ ಫಿರಂಗಿಯ ಗುಂಡು ತಗಲಿ ಕಾಲು ಮುರಿಯಿತು. ಹಾಸಿಗೆ ಹಿಡಿದವನಿಗೆ ಓದಲು ವೀರರ ಕಥೆ ಬೇಕಾಗಿತ್ತು, ಸಿಕ್ಕದ್ದು ಕ್ರಿಸ್ತನ ಮತ್ತು ಸಂತರ ಚರಿತ್ರೆ. ಮಲಗಿದಲ್ಲೇ ಅವನು ಒಂದು ಸಂಗತಿ ಗಮನಿಸಿದ. ಶೌರ್ಯದ, ದೊಡ್ಡಸ್ತಿಕೆಯ ಕನಸು ಕಾಣುವಾಗ ಸುಖ, ಮುಗಿದ ಮೇಲೆ ಬರಿದು. ಸಂತರ ಹಾಗೆ ಬದುಕುವುದನ್ನು ನೆನೆದಾಗಲೂ ಸುಖ, ಅದು ಮುಗಿದ ಮೇಲೂ ಉಳಿಯುತ್ತಿತ್ತು. ಈ ಮಾತು ಕೇಳಿ ನನಗೆ ಆ ನವೆಂಬರ್ ರಾತ್ರಿಯ ಎದೆಯುರಿ ನೆನಪಾಯಿತು. ಆಗಲೇ ಬೆರಳಿಗೆ ಹರಳು ತಗಲಿತ್ತು. ನಾನು ಲಕ್ಷ್ಯ ಕೊಡಲಿಲ್ಲ.

ಇಬ್ರಿಯರಿಗೆ ಬರೆದ ಪತ್ರಿಕೆಯ ಐದನೆಯ ಅಧ್ಯಾಯದ ಕೊನೆಯಲ್ಲಿ, ಒಳ್ಳೆಯದು ಕೆಟ್ಟದ್ದರ ಭೇದ ತಿಳಿಯುವುದು ಸಾಧನೆಯಿಂದ ಪಳಗಿದ ಇಂದ್ರಿಯಗಳಿಗೆ ಬರುವ ಶಕ್ತಿ ಎಂಬ ಅರ್ಥದ ಮಾತಿದೆ. ಓದಿದಾಗ ಅಜ್ಜಿಯ ಬೆರಳು ಕಣ್ಣಿಗೆ ಕಟ್ಟಿತು. ಅದು ಒಂದು ದಿನದಲ್ಲಿ ಬರುವ ವಿದ್ಯೆಯಲ್ಲ. ತಪ್ಪಿ, ಹಲ್ಲಿಗೆ ಸಿಕ್ಕಿ, ಮತ್ತೆ ಮೊರದ ಮುಂದೆ ಕುಳಿತು ಕಲಿಯುವಂಥದು.

ಈಗ ನಾನು ಏನಾದರೂ ಆಡುವ ಮೊದಲು, ಮಾಡುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಇದನ್ನು ಹೇಳಬೇಕಾದವರಿಗೇ ಮೊದಲು ಹೇಳಿದೆನೇ? ನಾನು ಹೇಳುವ ಒಳ್ಳೆಯತನದ ಬೆಲೆ ಕೊಡುವವರು ನಾನೋ, ಇನ್ನೊಬ್ಬರೋ? ನಾಳೆ ಬೆಳಿಗ್ಗೆ ಎದ್ದಾಗ ಇದರ ರುಚಿ ಬಾಯಲ್ಲಿ ಹೇಗಿದ್ದೀತು? ಇಷ್ಟು ಕೇಳಿಕೊಂಡ ಮೇಲೂ ತಪ್ಪುತ್ತೇನೆ. ಆದರೆ ಕೇಳದೆ ತಪ್ಪುವುದಕ್ಕಿಂತ ಕಡಿಮೆ ತಪ್ಪುತ್ತೇನೆ ಎಂದುಕೊಂಡಿದ್ದೇನೆ.

ಆ ತಂಗಿಗೆ ಈಗ ವಯಸ್ಸಾಗಿದೆ, ನನಗಂತೂ ಎಪ್ಪತ್ತು ದಾಟಿತು. ಆಕೆಯ ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ. ನಾನು ಕ್ಷಮೆ ಕೇಳಿದ್ದೆ, ಸಂಘದ ಅದೇ ಕೂಟದಲ್ಲಿ ಎದ್ದು ನಿಂತು, ಎಲ್ಲರ ಮುಂದೆ. ಹಾಗೆ ಮಾಡಲು ನನಗೆ ಆರು ವರ್ಷ ಹಿಡಿಯಿತು. ಆಕೆ 'ಇರಲಿ ಬಿಡ್ರಿ' ಎಂದಳು. ಆ 'ಇರಲಿ'ಯಲ್ಲಿ ಎಷ್ಟು ಮರೆತಿದ್ದಾಳೆ, ಎಷ್ಟು ಉಳಿಸಿಕೊಂಡಿದ್ದಾಳೆ, ನಾನು ಕೇಳಿಲ್ಲ.

ಶನಿವಾರ ಮಧ್ಯಾಹ್ನ ಆಕೆಯ ಮನೆಗೆ ಹೋಗುತ್ತೇನೆ. ಹಳ್ಳಿಯಿಂದ ಮಗ ತಂದುಕೊಟ್ಟ ಜೋಳ, ಬೇಳೆ ಇಬ್ಬರೂ ಕೂಡಿ ಹಸನು ಮಾಡುತ್ತೇವೆ. ಕಳೆದ ವಾರ ನನ್ನ ಮೊರ ಮುಗಿಯಿತೆಂದು ಪಕ್ಕಕ್ಕಿಟ್ಟೆ. ಆಕೆ ಮಾತಾಡುತ್ತಲೇ ಅದರ ಮೇಲೆ ಕೈಯಾಡಿಸಿ, ಒಂದು ಹರಳು ಎತ್ತಿ, ನನ್ನ ಅಂಗೈಗೆ ಹಾಕಿದಳು.

'ಅಕ್ಕೋರ, ಒಂದು ಉಳದಿತ್ತು ನೋಡ್ರಿ.'